ಬರಿಯ ನೀರು

ಕೃಷ್ಣಾ ಹೊಳೆಗೆ ಯಾರೂ ಇನ್ನೂ ಹೆಸರಿಡದಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಅದರ ದಂಡೆಯ ಊರುಗಳನ್ನೆಲ್ಲ ಸುತ್ತುತ್ತಿದ್ದಳಂತೆ. ಅವಳ ಹೆಸರು ಹಸಿವು. ಅವಳು ಬಾಗಿಲು ಬಡಿದರೆ ಜನ ಹೆದರಿ ಏನಾದರೊಂದು ಕೊಟ್ಟು ಕಳಿಸುತ್ತಿದ್ದರು. ಒಬ್ಬರು ರೊಟ್ಟಿ, ಒಬ್ಬರು ಕಾಳು, ಏನೂ ಇಲ್ಲದವರು ಒಂದು ಸುಳ್ಳು. ಒಂದು ಮನೆಯ ಮುದುಕಿ ಮಾತ್ರ ಏನನ್ನೂ ಕೊಡಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. 'ಬಾರವ್ವಾ, ಕುಂಡ್ರು' ಅಂದಳು. ಇಬ್ಬರೂ ಎದುರುಬದುರು ಕೂತರು. ಕೂತು ಕೂತು ಹಸಿವಿಗೇ ತೂಕಡಿಕೆ ಬಂತು. ಕತೆ ಇಲ್ಲಿಗೆ ಬಂದಾಗಲೆಲ್ಲ ಆಯಿ ಮೊಮ್ಮಗಳ ಬಾಯಿಗೆ ಒಂದು ದೊಡ್ಡ ತುತ್ತು ತುರುಕಿಬಿಡುತ್ತಿದ್ದಳು. ಆಮೇಲೇನಾಯಿತು ಎಂದು ಕೇಳಲು ಬಾಯಿ ಖಾಲಿಯಾಗುವಷ್ಟರಲ್ಲಿ ಇನ್ನೊಂದು ತುತ್ತು. ತಟ್ಟೆ ಬರಿದಾದರೆ ಕತೆಯೂ ಮುಗಿದಂತೆ. ಹಾಗಾಗಿ ಅದರ ಕೊನೆ ಮನಿಷಾಳಿಗೆ ಇವತ್ತಿಗೂ ಗೊತ್ತಿಲ್ಲ.

ಅಲಖನೂರಿನಿಂದ ಕುಡಚಿಗೆ ಹೋಗುವ ಮೊದಲ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತ ಮನಿಷಾ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಚೀಲದೊಳಗೆ ಹೆಸರುಕಾಳು, ಶೇಂಗಾ, ಒಂದು ಹಿಡಿ ಒಣದ್ರಾಕ್ಷಿ, ಪೇಪರಿನಲ್ಲಿ ಸುತ್ತಿದ ರಾಜಗಿರಿ ಸೊಪ್ಪು. ಅವಳು ಕುಡಚಿಯ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಇವತ್ತು ಅವಳ ಆರನೆಯ ತರಗತಿಯ ಮಕ್ಕಳು ಶಾಲೆಯ ಕಟ್ಟೆಯ ಮೇಲೆ ಸುಣ್ಣದಲ್ಲಿ ದೊಡ್ಡದೊಂದು ತಟ್ಟೆ ಬರೆದು, ಮನೆಯಿಂದ ತಂದದ್ದನ್ನು ಅದರಲ್ಲಿ ಬಣ್ಣಬಣ್ಣವಾಗಿ ಜೋಡಿಸಬೇಕು. ಅದಕ್ಕಾಗಿಯೇ ಇಷ್ಟು ಬೇಗ ಹೊರಟದ್ದು ಎಂದು ಅವ್ವನಿಗೆ ಹೇಳಿದ್ದಳು. ಅವ್ವ ಸುಗಂಧಾ ಒಲೆಯ ಮುಂದಿನಿಂದ ತಲೆಯೆತ್ತದೆ, 'ಹೊತ್ತ ಹುಟ್ಟೂತನಾರ ನಿಂದರು. ಆಯಿ ನಿನ್ನ ಹಾದಿ ನೋಡಾಕತ್ತಾಳ' ಅಂದಿದ್ದಳು. 'ಬಸ್ ತಪ್ಪತೈತಿ' ಎಂದು ಮನಿಷಾ ಚಪ್ಪಲಿ ಮೆಟ್ಟಿದ್ದಳು. ಪಡಸಾಲೆಯ ಚಾಪೆಯ ಮೇಲೆ, ಮಡಿಚಿಟ್ಟ ಬಿಳಿ ಸೀರೆಯ ಹಾಗೆ ಸಪಾಟಾಗಿ ಮಲಗಿದ್ದ ಆಯಿಗೆ ಎಚ್ಚರವಿತ್ತೋ ಇಲ್ಲವೋ ಅವಳು ನೋಡಲಿಲ್ಲ. ನೋಡಬಾರದೆಂದೇ ಗೋಡೆಯ ಕಡೆ ಮುಖ ತಿರುಗಿಸಿ ದಾಟಿದ್ದಳು, ಮನೆಯವರಿಗೆ ಗೊತ್ತಾಗದಂತೆ ಏನನ್ನೋ ಎತ್ತಿಕೊಂಡು ಹೋಗುವವರ ನಡಿಗೆಯಲ್ಲಿ. ಈಗ ಬಸ್ಸಿನ ಗಾಜಿನಾಚೆ ಕಬ್ಬಿನ ಮೇಲೆ ಹೊತ್ತು ಹುಟ್ಟುತ್ತಿತ್ತು. ಅದು ಇಷ್ಟು ನಿಧಾನವಾಗಿ ಹುಟ್ಟಬಾರದಿತ್ತು ಅನ್ನಿಸಿತು. ಬೇಗ ಹುಟ್ಟಿ ಬೇಗ ಮುಳುಗಿಬಿಟ್ಟರೆ ಇವತ್ತೂ ತಪ್ಪಿದಂತೆ. ಹಾಗೆ ಅನ್ನಿಸಿದ್ದೇ ಅವಳು ಕಿಟಕಿಯಿಂದ ಮುಖ ತಿರುಗಿಸಿದಳು.

ಮಿರಜದ ಡಾಕ್ಟರು ಸ್ಕ್ಯಾನಿನ ಫೋಟೊವನ್ನು ಬೆಳಕಿಗೆ ಹಿಡಿದು, ಹೊಟ್ಟೆಯೊಳಗಿನ ಗಡ್ಡೆ ತೋರಿಸಿ, ಈ ವಯಸ್ಸಿನಲ್ಲಿ ಕತ್ತರಿ ಹಚ್ಚುವುದರಲ್ಲಿ ಅರ್ಥವಿಲ್ಲ, ಮನೆಗೆ ಕರೆದುಕೊಂಡು ಹೋಗಿ ಅಂದ ದಿನ ಆಯಿ ದಾರಿಯುದ್ದಕ್ಕೂ ಮಾತಾಡಿರಲಿಲ್ಲ. ಮನೆ ಮುಟ್ಟಿ, ಕಾಲು ತೊಳೆದುಕೊಂಡು, ಮಗ ಭೀಮಗೊಂಡನನ್ನು ಹತ್ತಿರ ಕರೆದು, 'ನಾ ಇನ್ನ ಒಂದೊಂದ ಬಿಡಕೋತ ಹೋಗ್ತೀನಪಾ' ಅಂದಳು. ಬಸದಿಗೆ ಬಂದಿದ್ದ ಮುನಿ ಮಹಾರಾಜರು ಬಹಳ ಪ್ರಶ್ನೆ ಕೇಳಿದರು, ಬಹಳ ಸಲ ಬೇಡವೆಂದರು, ಕೊನೆಗೆ ನವಿಲುಗರಿಯ ಪಿಂಛಿಯನ್ನು ಅವಳ ತಲೆಗೆ ಮುಟ್ಟಿಸಿ ಸಲ್ಲೇಖನದ ವ್ರತ ಕೊಟ್ಟರು. ಮೊದಲು ತುಪ್ಪ ಹೋಯಿತು. ಆಮೇಲೆ ಬೆಲ್ಲ, ಸಕ್ಕರೆ. ಉಪ್ಪು. ಎಣ್ಣೆ. ಹಾಲು ಮೊಸರು ಹೋದವು, ಕಾಳು ಹೋಯಿತು, ಜೋಳ ಹೋಯಿತು, ಗಂಜಿಯೂ ಹೋಯಿತು. ಈಗ ದಿನಕ್ಕೊಂದು ಸಲ, ಹೊತ್ತು ಮುಳುಗುವುದರೊಳಗೆ, ಕಾಯಿಸಿ ಸೋಸಿದ ನೀರು, ಅಷ್ಟೇ. ಅದೇ ತಿಂಗಳು ಶಾಲೆಯಲ್ಲಿ ಪೋಷಣ ಮಾಸ ಬಂದಿತ್ತು. ಮನಿಷಾ ಗೋಡೆಗೆ ಚಾರ್ಟು ಅಂಟಿಸಿ ಮಕ್ಕಳ ಊಟಕ್ಕೆ ದಿನಕ್ಕೊಂದನ್ನು ಸೇರಿಸುತ್ತ ಹೋದಳು. ಕೆಲವು ಸಲ ಮನೆಯಲ್ಲಿ ಹಿಂದಿನ ದಿನ ಬಿಟ್ಟದ್ದೇ ಶಾಲೆಯಲ್ಲಿ ಮರುದಿನದ ಪಾಠವಾಗುತ್ತಿತ್ತು. ಆಯಿ ಹಾಲು ಬಿಟ್ಟ ಮರುದಿನ ಮೂಳೆ, ಹಲ್ಲು, ಕ್ಯಾಲ್ಸಿಯಂ. ಕಾಳು ಬಿಟ್ಟ ಮರುದಿನ ಬೆಳೆಯುವ ಮೈಗೆ ಬೇಕಾದ ಪ್ರೋಟೀನು. ಬಳಪ ತನ್ನಷ್ಟಕ್ಕೆ ಹಲಗೆಯ ಮೇಲೆ ಓಡುತ್ತಿದ್ದರೆ, ಆಯಿಯ ತಟ್ಟೆಯಿಂದ ಎತ್ತಿ ತಂದದ್ದನ್ನು ಇಲ್ಲಿ ಹಂಚಿ ಒಳ್ಳೆಯವಳೆನ್ನಿಸಿಕೊಳ್ಳುತ್ತಿದ್ದೇನೆ ಎಂಬ ನಾಚಿಕೆ ಬೆನ್ನ ಮೇಲೆ ಹರಿದಾಡುತ್ತಿತ್ತು. ಹಿಂದಿನಿಂದ ಮಕ್ಕಳು ಒಕ್ಕೊರಲಿನಲ್ಲಿ 'ದಿನಾ ಒಂದು ಲೋಟ ಹಾಲು ಕುಡಿಯಬೇಕು' ಎಂದು ಕೂಗುತ್ತಿದ್ದರು.

ಮೊನ್ನೆಯ ಪಾಠ ಉಪ್ಪು ಸಕ್ಕರೆಯ ನೀರಿನದು. ವಾಂತಿ ಭೇದಿಯಾಗಿ ಮೈಯ ನೀರೆಲ್ಲ ಹೋದಾಗ ಕಾಯಿಸಿದ ನೀರಿಗೆ ಸಕ್ಕರೆ ಹಾಕಿ, ಚಿಟಿಕೆ ಉಪ್ಪು ಹಾಕಿ ಕುಡಿಸಿದರೆ ಜೀವ ಉಳಿಯುತ್ತದೆ ಎಂದು ಮಾಡಿ ತೋರಿಸಿದ್ದಳು. 'ಕಣ್ಣೀರಿನಷ್ಟ ಉಪ್ಪ ಇರಬೇಕು, ಅದಕ್ಕಿಂತ ಹೆಚ್ಚಾಗಬಾರದು' ಎಂದಾಗ ಹುಡುಗರು ಕಣ್ಣು ತಿಕ್ಕಿ ತಿಕ್ಕಿ ಬೆರಳು ನೆಕ್ಕಿ ನಕ್ಕಿದ್ದರು. ಜೀವ ಉಳಿಯುತ್ತದೆ ಎಂಬ ಆ ಮಾತು ಬಸ್ಸಿನಲ್ಲಿ ಅವಳ ಜೊತೆಗೇ ಮನೆಗೆ ಬಂತು. ಅವ್ವ ನೀರು ಸೋಸಿ ಲೋಟಕ್ಕೆ ತುಂಬಿ ಎಮ್ಮೆ ಕಟ್ಟಲು ಹಿತ್ತಲಿಗೆ ಹೋಗಿದ್ದಳು. ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಮನಿಷಾ ಬೇಕೆಂದೇ ಹಾಕಿದಳೇ? ಕೈ ಸಕ್ಕರೆಯ ಡಬ್ಬಿಯೊಳಗೆ ಹೋದದ್ದು ನೆನಪಿದೆ, ಚಮಚ ತಿರುವುವಾಗ ಲೋಟಕ್ಕೆ ತಾಗಿ ಸದ್ದಾಗದಂತೆ ಉಸಿರು ಹಿಡಿದದ್ದೂ ನೆನಪಿದೆ. ನಡುವೆ ಮನಸ್ಸು ಏನೆಂದಿತು ಅನ್ನುವುದು ಮಾತ್ರ ನೆನಪಿಲ್ಲ. ಅವ್ವ ಬಂದು ಲೋಟ ಒಯ್ದು ಕೊಟ್ಟಳು. ಆಯಿ ಒಂದು ಗುಟುಕು ಕುಡಿದಳು. ನಿಲ್ಲಿಸಿದಳು. ಮೊಮ್ಮಗಳ ಮುಖವನ್ನೇ ನೋಡಿದಳು. ಆ ಕಣ್ಣಿನಲ್ಲಿ ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಲೋಟವನ್ನು ಕೆಳಗಿಟ್ಟು, 'ಅಂತರಾಯ ಆತು' ಅಂದಳು. ವ್ರತದವರ ಬಾಯಿಗೆ ಕೂದಲೋ ಇರುವೆಯೋ ಬರಬಾರದ್ದು ಬಂದರೆ ಹಾಗೆ ಅಂದುಬಿಡುತ್ತಾರೆ, ಆ ದಿನಕ್ಕೆ ಅಲ್ಲಿಗೆ ಮುಗಿಯಿತು, ಮತ್ತೆ ಬಾಯಿ ತೆರೆಯುವಂತಿಲ್ಲ. ದರ್ಶನಕ್ಕೆ ಬಂದು ಕೂತಿದ್ದ ಹೆಂಗಸರಲ್ಲಿ ಒಬ್ಬಳು, 'ಸೋಸೂ ಅರಿವಿ ನೋಡಬಾರ್ದೇನ ಸುಗಂಧಾ? ಇರುವಿ ಬಿದ್ದಿರಬೇಕು' ಅಂದಳು. ಹೊಲದಿಂದ ಬಂದ ಅಪ್ಪ ಟವೆಲ್ಲನ್ನು ನೆಲಕ್ಕೆ ಬಡಿದು, 'ಇಷ್ಟ ವರ್ಷದ ಸೇವಾ ಒಂದ ಗುಟುಕಿನ್ಯಾಗ ಹಾಳ ಮಾಡಿದೆಲ್ಲಾ' ಅಂದ. ಅವ್ವ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಅಲ್ಲಿ ಇರುವೆ ಇನ್ನೂ ಹರಿಯುತ್ತಿದೆಯೋ ಎಂಬಂತೆ. ಮನಿಷಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಆಯಿಯೂ ಹೇಳಲಿಲ್ಲ. ಇವಳೂ ಹೇಳಲಿಲ್ಲ.

ಮರುದಿನ, ಅಂದರೆ ನಿನ್ನೆ ಬೆಳಿಗ್ಗೆ, ಆಯಿ ಬೆರಳಾಡಿಸಿ ಅವಳನ್ನು ಹತ್ತಿರ ಕರೆದಿದ್ದಳು.

'ಮನಿ, ಇವತ್ತ ನೀರ ನೀ ಕೊಡು. ಬರೇ ನೀರ. ನಿನ್ನ ಕೈಲೆ ಒಮ್ಮಿ ಕುಡದ, ಆಮ್ಯಾಲ ನೀರೂ ಬಿಡ್ತೀನಿ.'

'ಅವ್ವ ಕೊಡ್ತಾಳಲ್ಲ ಆಯಿ.'

'ಅವ್ವ ಭಾಳ ಕೊಟ್ಟಾಳ. ನೀ ಕೊಡು. ಹೂಂ ಅನ್ನ ನೋಡೂಣು.'

'ಹೂಂ. ಸಾಲಿಂದ ಬಂದ ಕೊಡ್ತೀನಿ.'

ಹೂಂ ಅಂದವಳು ಸಂಜೆ ಕುಡಚಿಯ ಸ್ಟ್ಯಾಂಡಿನಲ್ಲಿ ಎದುರಿಗೇ ನಿಂತಿದ್ದ ಬಸ್ಸನ್ನು ಬಿಟ್ಟಳು. ಅದರ ಹಿಂದಿನದನ್ನೂ ಬಿಟ್ಟಳು. ತಾನು ಕೊಡದಿದ್ದರೆ ಆಯಿ ನೀರು ಬಿಡುವಂತಿಲ್ಲ. ಎಲ್ಲಿಯವರೆಗೆ ಕೊಡುವುದಿಲ್ಲವೋ ಅಲ್ಲಿಯವರೆಗೆ ಆಯಿ ಇರುತ್ತಾಳೆ. ರಾಕ್ಷಸನ ಜೀವವನ್ನು ಗಿಳಿಯೊಳಗಿಟ್ಟು ಗಿಳಿಯನ್ನು ಏಳು ಸಮುದ್ರದಾಚೆ ಬಚ್ಚಿಡುವ ಕತೆ ಕೇಳಿ ಬೆಳೆದವಳಿಗೆ ಈ ಉಪಾಯ ತೀರ ಸಹಜವಾಗಿ ಕಂಡಿತ್ತು. ಮನೆ ಮುಟ್ಟಿದಾಗ ದೀಪ ಹಚ್ಚಿದ್ದರು. ಅವ್ವ ಲೋಟ ಹಿಡಿದು ಹೋದರೆ ಆಯಿ ತಲೆಯಾಡಿಸಿದಳಂತೆ, 'ಮನಿ ಬರ್ಲಿ' ಅಂದಳಂತೆ. ಹೊತ್ತು ಮುಳುಗುವವರೆಗೂ ಬಾಗಿಲ ಕಡೆಯೇ ಮುಖ ಮಾಡಿದ್ದಳಂತೆ. ಮೊನ್ನೆ ಒಂದು ಗುಟುಕು, ಅದೂ ಕೆಟ್ಟ ಗುಟುಕು. ನಿನ್ನೆ ಅದೂ ಇಲ್ಲ. ಜೀವ ಬಚ್ಚಿಡಲು ಹೋಗಿ ತಾನು ಬಚ್ಚಿಟ್ಟದ್ದು ನೀರನ್ನು. ಇಷ್ಟು ತಿಳಿದ ಮೇಲೂ ಇವತ್ತು ಮತ್ತೆ ಹೊತ್ತು ಹುಟ್ಟುವ ಮೊದಲೇ ಚಪ್ಪಲಿ ಮೆಟ್ಟಿದ ಕಾಲು ಯಾರದು?

'ಟೀಚರ್, ಇದ ಹಳದಿ ಐತಲ್ರಿ, ತಟ್ಟಿನ್ಯಾಗ ನಡೀತೈತೇನ್ರಿ?' ಶಾಲೆಯ ಕಟ್ಟೆಯ ಹತ್ತಿರ ರೂಪೇಶ ಚಿಪ್ಸಿನ ಪೊಟ್ಟಣವನ್ನು ಎತ್ತಿ ಹಿಡಿದಿದ್ದ.

'ಒಳಗ ಏನೈತಿ?'

'ಗಾಳಿ ಐತ್ರಿ. ಉಳಿದದ್ದ ಹಾದ್ಯಾಗ ತೀರ್ತ್ರಿ.'

ಕಟ್ಟೆಯ ಸುತ್ತ ನಗು ಎದ್ದಿತು. ಹೆಡ್‌ಮಾಸ್ತರ್ ಅಣ್ಣಾಸಾಬ ಮೊಬೈಲು ಹಿಡಿದು ಹಿಂದೆ ಮುಂದೆ ಸರಿಯುತ್ತ, 'ಹಿಂಗ ನಗ್ರಿ, ಹಿಂಗ. ಗ್ರೂಪಿಗೆ ಹಾಕೂದೈತಿ. ಲೇ ರೂಪ್ಯಾ, ಆ ಚಿಪ್ಸ್ ಪಾಕೀಟ ಕಿಸೇದಾಗ ಇಡಲೇ, ಫೋಟೊದಾಗ ಬಂದ್ರ ನನ್ನ ಮಾನ ಹೋಗತೈತಿ' ಅಂದರು. ಸುಣ್ಣದ ತಟ್ಟೆ ತುಂಬತೊಡಗಿತ್ತು. ಜೋಳದ ರೊಟ್ಟಿಯ ಚೂರು, ಮೊಳಕೆ ಬಂದ ಮಡಿಕೆ ಕಾಳು, ಯಾರದೋ ಹಿತ್ತಲಿನ ಪೇರಲ, ಕೊತ್ತಂಬರಿ, ಬೆಲ್ಲದ ಹೆಂಟೆ. ಕೋಮಲ ಎಂಬ ಹುಡುಗಿ, ತರಗತಿಯಲ್ಲೆಲ್ಲ ಹೆಚ್ಚು ಕೈ ಎತ್ತುವವಳು, ಮಣ್ಣು ಹೋಗುವ ಹಾಗೆ ತೊಳೆದ ಕೆಂಪು ಗಜ್ಜರಿಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟು, 'ಟೀಚರ್, ನಿಮ್ಮ ಮಂದ್ಯಾಗ ಗಜ್ಜರಿ ತಿನ್ನಂಗಿಲ್ಲಂತಲ್ರಿ? ಮತ್ತ ನಿಮ್ಮ ಕಣ್ಣ ಹೆಂಗ ಕಾಣತಾವ್ರಿ?' ಅಂದಳು.

'ಏ ಕೋಮಲ, ನೆಲದಾಗ ಬೆಳಿಯೂ ಗಡ್ಡಿ ನಾವ್ ತಿನ್ನಂಗಿಲ್ಲ. ಕೀಳೂ ಮುಂದ ಜೀವ ಸಾಯ್ತಾವ' ಎಂದು ಸ್ನೇಹಲ ತಿದ್ದಿದಳು. ಅವಳದೂ ಜೈನರ ಮನೆ.

ಮನಿಷಾ ನಕ್ಕಳು. ಗಜ್ಜರಿ ಕಣ್ಣಿಗೆ ಒಳ್ಳೆಯದೆಂದು ವರ್ಷವರ್ಷವೂ ಹೇಳುವ ಬಾಯಿ ಅದನ್ನು ತಿಂದದ್ದು ಒಂದೇ ಸಲ, ಚಿಕ್ಕೋಡಿಯ ಕಾಲೇಜಿನ ಕ್ಯಾಂಟೀನಿನಲ್ಲಿ, ಗೆಳತಿಯರ ನಡುವೆ. ಅವತ್ತು ಮನೆಗೆ ಬಂದು ಬಾಯಿ ತೊಳೆದದ್ದೇ ತೊಳೆದದ್ದು. ಆಯಿ ಏನೂ ಕೇಳಿರಲಿಲ್ಲ, ಬರೀ ಟವೆಲ್ಲು ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಯಾವಾಗಲೂ ಹಾಗೆಯೇ, ಕೇಳುವುದಿಲ್ಲ, ಟವೆಲ್ಲು ಹಿಡಿದು ನಿಲ್ಲುತ್ತಾಳೆ. ಈಗ ಆ ಕೈಗೆ ಟವೆಲ್ಲಿನ ಭಾರವೂ ತಡೆಯಲಾರದು. ತುಟಿ ಹೇಗಾಗಿರಬಹುದು? ಬೆಳಿಗ್ಗೆ ನೋಡಲಿಲ್ಲ. ನೋಡಿದ್ದರೆ ತುಟಿ ಕಾಣುತ್ತಿತ್ತು. ನೀರು ಕಡಿಮೆಯಾದಾಗ ಮೊದಲು ತುಟಿ ಒಣಗುತ್ತದೆ, ನಾಲಿಗೆ ಅಂಟುತ್ತದೆ, ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತದೆ, ಇದೆಲ್ಲ ಚಾರ್ಟಿನಲ್ಲಿದೆ. 'ಟೀಚರ್, ಟೀಚರ್' ಎಂದು ಮಕ್ಕಳು ಕರೆಯುತ್ತಿದ್ದರು. ಎಷ್ಟು ಹೊತ್ತಿನಿಂದಲೋ.

'ಹೂಂ. ತಟ್ಟಿ ತುಂಬೇತಿ. ಇನ್ನೂ ಏನ ಉಳೀತು?'

'ನೀರ್ರೀ!'

ಕೋಮಲ ಓಡಿ ಹೋಗಿ ಲೋಟದಲ್ಲಿ ನೀರು ತುಂಬಿಕೊಂಡು, ಚೆಲ್ಲದ ಹಾಗೆ ನಾಲಿಗೆ ಕಚ್ಚಿಕೊಂಡು ಬಂದು ಸುಣ್ಣದ ಗೆರೆಯ ಪಕ್ಕ ಇಟ್ಟಳು. ಆಗ ಸ್ನೇಹಲ ಹೇಳಿದಳು. 'ಟೀಚರ್ ಮನ್ಯಾಗ ಆಯಿ ನೀರೂ ಬಿಡ್ತಾರಂತ. ನಮ್ಮವ್ವ ದರ್ಶನಕ್ಕ ಹೋಗಿ ಬಂದಾಳ. ದೊಡ್ಡ ಪುಣ್ಯಾ ಅಂತ.' ಮಕ್ಕಳೆಲ್ಲ ಮನಿಷಾಳ ಕಡೆ ನೋಡಿದರು. ಕೋಮಲ ಕೈ ಎತ್ತಿದಳು. ಕರೆಯುವ ಮೊದಲೇ ಎದ್ದು ನಿಂತಳು, ಹೊಳೆಯುವ ಮುಖದಿಂದ, ಪಾಠ ಒಪ್ಪಿಸುವ ದನಿಯಲ್ಲಿ: 'ಅನ್ನ ಇಲ್ದ ಮನಷ್ಯಾ ಭಾಳ ದಿವಸ ಇರ್ತಾನ, ನೀರ ಇಲ್ದ ಇರಂಗಿಲ್ಲ ಅಂತ ನೀವ ಕಲಿಸೀರಲ್ರಿ ಟೀಚರ್. ಹಂಗಾರ ನಿಮ್ಮ ಆಯಿ ಯಾವಾಗ ಸಾಯ್ತಾರ್ರಿ?'

ಶಾಬಾಶ್ ಎನ್ನುತ್ತಾರೆಂದು ಕಾಯುತ್ತಿದ್ದ ಮುಖ ಅದು. ಉತ್ತರ ಸರಿಯಾಗಿತ್ತು. ಕಲಿಸಿದ ಯಾವ ಮಾತನ್ನೂ ಆ ಹುಡುಗಿ ಬಿಟ್ಟಿರಲಿಲ್ಲ. ಮನಿಷಾಳಿಗೆ ತನ್ನ ದನಿ ಎಲ್ಲಿಂದಲೋ, ಯಾವುದೋ ಬೇರೆ ಹೆಂಗಸಿನ ಗಂಟಲಿನಿಂದ ಬಂದಂತೆ ಕೇಳಿಸಿತು.

'ಹೊರಗ ಹೋಗ. ಹೋಗಿ ಆ ಬೇವಿನ ಗಿಡದ ಕೆಳಗ ನಿಂದರು. ನಾ ಹೇಳೂತನ ಅಲ್ಲಿಂದ ಕದಲಬ್ಯಾಡ.'

'ನಾ ಏನ ಮಾಡೀನ್ರಿ?'

'ಹೋಗ ಅಂದೆ.'

ಕೋಮಲ ಹೋದಳು. ಅಣ್ಣಾಸಾಬರು ಮೊಬೈಲು ಇಳಿಸಿ ಕಿಸೆಗೆ ಹಾಕಿಕೊಂಡರು. ಆಮೇಲೆ ಬಿಸಿಯೂಟದ ಗಂಟೆಯಾಯಿತು. ತಟ್ಟೆಗಳ ಸದ್ದು, ಸಾಲು, ಸಾರಿನ ವಾಸನೆ, 'ಕೈ ತೊಳದೀರೇನ' ಎಂಬ ಯಾರದೋ ಕೂಗು. ಮನಿಷಾ ಶಿಕ್ಷಕರ ಕೋಣೆಯಲ್ಲಿ ಕೂತು ಮೇಜಿನ ಮೇಲೆ ಬಿದ್ದ ಬಿಸಿಲಿನ ಚೌಕ ಸರಿಯುವುದನ್ನು ನೋಡಿದಳು. ಬಿಸಿಲು ಮೇಜಿನ ಅಂಚಿಗೆ ಬಂದರೆ ಅರ್ಧ ದಿನ ಹೋದಂತೆ. ಇನ್ನರ್ಧ ಹೋದರೆ ಇವತ್ತೂ ಮುಗಿಯುತ್ತದೆ. ಜ್ವರ ಬಂದು ಮಲಗಿದ್ದ ಚಿಕ್ಕ ಮನಿಷಾಳ ತಲೆಯ ಹತ್ತಿರ ಆಯಿ ಒದ್ದೆ ಅರಿವೆ ಹಿಂಡುತ್ತ ಕೂತಿರುತ್ತಿದ್ದಳು, ಹಸಿವೆಂಬ ಹೆಣ್ಣುಮಗಳ ಕತೆ ಹೇಳುತ್ತ. ನೀರಡಿಕೆಯ ಕತೆ ಒಂದೂ ಹೇಳಿರಲಿಲ್ಲ. ನೀರಡಿಕೆಗೆ ಕತೆ ಯಾಕೆ, ಹೊಳೆ ಇಲ್ಲೇ ಇತ್ತು, ಗಡಿಗೆ ಇಲ್ಲೇ ಇತ್ತು, ಆಯಿ ಇಲ್ಲೇ ಇದ್ದಳು. ಒಂದು ಸಣ್ಣ ಹುಡುಗಿ 'ನೀರು' ಅಂದರೆ ಲೋಟ ಬಂದುಬಿಡುತ್ತಿತ್ತು. ಯಾವತ್ತೂ 'ತಡಿ, ಸಂಜಿಕೆ ಕೊಡ್ತೀನಿ' ಅಂದವಳಲ್ಲ.

ಅಡುಗೆಯ ಗಿರಿಜವ್ವ ಸೆರಗಿಗೆ ಕೈ ಒರೆಸುತ್ತ ಬಾಗಿಲಲ್ಲಿ ನಿಂತಿದ್ದಳು. 'ಟೀಚರ್, ಆ ಗಿಡದ ಕೆಳಗಿನ ಹುಡುಗಿ ಉಂಡಿಲ್ರಿ. ನಾ ಎಲ್ಲಾ ಬಳಿದ ತೊಳಿಯಾಕ ಹಾಕೂ ಮುಂದ ಕಂಡ್ಲು. ಬಾ ಅಂದ್ರ ಬರವಲ್ಲಳು. ಕೋಲು ನುಂಗಿದಂಗ ನಿಂತಾಳ.'

ಮನಿಷಾಳಿಗೆ ಒಂದು ಕ್ಷಣ ಯಾವ ಹುಡುಗಿ ಎಂದೇ ಹೊಳೆಯಲಿಲ್ಲ. ಹೊಳೆದಾಗ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಪೋಷಣ ಮಾಸದಲ್ಲಿ, ತಾನು ಮಾಡಿಸಿದ ತಟ್ಟೆಯ ಎದುರಿಗೆ, ತಾನೇ ಒಂದು ಕೂಸನ್ನು ಉಪವಾಸ ನಿಲ್ಲಿಸಿದ್ದಳು. ನಿಲ್ಲಿಸಿ ಮರೆತಿದ್ದಳು. ನೆರಳು ಸರಿದು ಹೋಗಿ ಬೇವಿನ ಗಿಡದ ಬೊಡ್ಡೆಯ ಹತ್ತಿರ ಬಿಸಿಲು ಬಂದಿತ್ತು. ಕೋಮಲ ಆ ಬಿಸಿಲಿನಲ್ಲೇ ನಿಂತಿದ್ದಳು, ಎರಡು ಹೆಜ್ಜೆ ಸರಿದರೆ ನೆರಳಿದ್ದರೂ. ಕೆನ್ನೆಯ ಮೇಲೆ ಅತ್ತು ಒಣಗಿದ ಗೆರೆ. ತುಟಿಯ ಸಿಪ್ಪೆ ಎದ್ದಿತ್ತು.

'ಯಾಕ ಉಣ್ಣಾಕ ಹೋಗ್ಲಿಲ್ಲ?'

'ನೀವ ಹೇಳೂತನ ಕದಲಬ್ಯಾಡ ಅಂದಿದ್ರಲ್ರಿ.'

'ನೀರರ ಕುಡೀಬೇಕಿಲ್ಲೋ ಹುಚ್ಚಿ, ನಳ ಅಲ್ಲೇ ಐತಿ.'

'ಅದಕ್ಕೂ ನೀವ ಹೇಳಬೇಕಲ್ರಿ.' ಮೊಂಡುತನವಿರಲಿಲ್ಲ ಆ ಮಾತಿನಲ್ಲಿ. ಹೇಳಿದವರು ಬಂದು ಹೇಳುತ್ತಾರೆ ಎಂಬ ನಂಬಿಕೆ ಅಷ್ಟೇ ಇತ್ತು.

ಗಿರಿಜವ್ವ ತನಗೆಂದು ತೆಗೆದಿಟ್ಟುಕೊಂಡಿದ್ದ ಅನ್ನ ಸಾರನ್ನು ತಟ್ಟೆಗೆ ಹಾಕಿ ಕೊಟ್ಟಳು. 'ಗಂಡನ ಮನ್ಯಾಗೂ ಹಿಂಗ ನಿಂದರತಿ ಏನ ಬೇ? ತಲಿಗೆ ಬಿಸಲ ಏರಿದ್ರ?' ಎಂದು ಬೈದು, ಹುಡುಗಿಯ ನೆತ್ತಿಗೆ ಒದ್ದೆ ಕೈ ತಟ್ಟಿದಳು. ಮನಿಷಾ ಲೋಟದಲ್ಲಿ ನೀರು ತಂದಳು. ಕೋಮಲ ಅದನ್ನು ಎತ್ತಿದ್ದೇ ಇಳಿಸಲಿಲ್ಲ, ಗಂಟಲು ಗುಳುಗುಳು ಎಂದು ಸದ್ದು ಮಾಡಿತು, ಗಲ್ಲದ ಮೇಲಿಂದ ಹರಿದು ಯೂನಿಫಾರ್ಮಿನ ಮೇಲೆಲ್ಲ ಬಿತ್ತು. ಆ ಸದ್ದನ್ನು ಕೇಳುತ್ತ ಮನಿಷಾ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟಳು.

'ಸಿಟ್ಟ ಹೋತೇನ್ರಿ ಟೀಚರ್?' ಎರಡ್ಮೂರು ತುತ್ತಾದ ಮೇಲೆ ಕೋಮಲ ಕೇಳಿದಳು.

'ನಿನ್ನ ಮ್ಯಾಲ ಸಿಟ್ಟ ಇರ್ಲಿಲ್ಲ. ನೀ ಹೇಳಿದ್ದ ಖರೇನ ಐತಿ. ತಪ್ಪ ನಂದು.'

'ಹಂಗಾರ ನೀವೂ ನಿಂದರಬೇಕೇನ್ರಿ ಗಿಡದ ಕೆಳಗ?'

ಗಿರಿಜವ್ವ ನಕ್ಕಳು. ಮನಿಷಾ ನಗಲು ಹೋದಳು, ಆಗಲಿಲ್ಲ. ಎದ್ದು ನೇರವಾಗಿ ಅಣ್ಣಾಸಾಬರ ಕೋಣೆಗೆ ಹೋದಳು. ಮಾತು ಜೋಡಿಸಿಕೊಂಡು ಹೋಗಿರಲಿಲ್ಲ. 'ಸರ್, ನಾ ಈಗ ಮನಿಗೆ ಹೋಗಬೇಕ್ರಿ' ಅಂದಳು, ಅಷ್ಟೇ. ಅಣ್ಣಾಸಾಬರು ಕನ್ನಡಕ ತೆಗೆದರು. 'ಹೋಗ್ರಿ ಹೋಗ್ರಿ. ಆರನೇತ್ತಾ ನಾ ನೋಡ್ಕೋತೀನಿ. ಆಯಿಯವರಿಗೆ ನನ್ನ ನಮಸ್ಕಾರ ಮುಟ್ಟಸ್ರಿ.' ಅವಳು ಹೊಸ್ತಿಲು ದಾಟುವಾಗ ಹಿಂದಿನಿಂದ ಮೆಲ್ಲಗೆ, 'ಮನಿಷಾ ಟೀಚರ್, ಗಟ್ಟಿ ಆಗ್ರಿ' ಅಂದರು.

ಸ್ಟೇಷನ್ನಿನ ಹತ್ತಿರದ ಗೇಟು ಬಿದ್ದಿತ್ತು. ಬಸ್ಸಿನೊಳಗೆ ಸೆಕೆ. ಗೂಡ್ಸ್ ಗಾಡಿ ಡಬ್ಬಿಯ ಹಿಂದೆ ಡಬ್ಬಿ ದಾಟುತ್ತಲೇ ಇತ್ತು, ಮುಗಿಯುವ ಮನಸ್ಸಿಲ್ಲದೆ. ನಿನ್ನೆಯಾಗಿದ್ದರೆ ಇದು ವರ ಅನ್ನಿಸುತ್ತಿತ್ತು. ಬೇಕಾದರೆ ಈಗಲೂ ಅನ್ನಿಸಿಕೊಳ್ಳಬಹುದು, ಗೇಟು ಬಿದ್ದಿತ್ತು ಆಯಿ, ನಾನೇನು ಮಾಡಲಿ ಎನ್ನಬಹುದು. ಆ ಯೋಚನೆ ಎದೆಯಲ್ಲಿ ಒಂದು ಸಲ ತಲೆಯೆತ್ತಿ ನೋಡಿತು. ಮನಿಷಾ ಸೀಟಿನ ಕಬ್ಬಿಣದ ಕಂಬಿಯನ್ನು ಬಿಗಿಯಾಗಿ ಹಿಡಿದಳು. ಗೇಟು ಎದ್ದಿತು. ಕಬ್ಬಿನ ಹೊಲಗಳಲ್ಲಿ ಕಾಲುವೆಯ ನೀರು ನಿಂತು ಹೊಳೆಯುತ್ತಿತ್ತು. ಎಲ್ಲವೂ ಕುಡಿಯುತ್ತಿದ್ದವು. ಬೇರುಗಳು, ಕಾಲುವೆಗೆ ಬಾಯಿ ಹಚ್ಚಿದ ಎಮ್ಮೆ, ಬಸ್ಸಿನ ಮುಂದಿನ ಸೀಟಿನ ಹೆಂಗಸಿನ ಮಡಿಲ ಕೂಸು. ಕೊಡುವುದೆಂದರೆ ಕಳಿಸಿಕೊಡುವುದು, ಕೊಡದಿರುವುದೆಂದರೆ ಬಿಸಿಲಲ್ಲಿ ನಿಲ್ಲಿಸಿ ಮರೆಯುವುದು. ಎರಡರ ನಡುವೆ ಮೂರನೆಯದೊಂದು ಇದ್ದೇ ಇರಬೇಕೆಂದು ಅವಳು ಅಲಖನೂರಿನವರೆಗೂ ಹುಡುಕಿದಳು. ಕತೆಗಳಲ್ಲಿ ಇರುತ್ತಿತ್ತು. ಕಿಟಕಿಯ ಹೊರಗೆ ಇರಲಿಲ್ಲ.

ಪಡಸಾಲೆಯಲ್ಲಿ ಹೆಂಗಸರು ಗೋಡೆಗುಂಟ ಕೂತು ಣಮೋಕಾರ ಮಂತ್ರ ಹೇಳುತ್ತಿದ್ದರು. ಅಪ್ಪ ಕಂಬದ ಹತ್ತಿರ ಕೂತಿದ್ದ, ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು. ಮನಿಷಾ ಯಾರ ಕಡೆಯೂ ನೋಡದೆ ಒಳಗೆ ಹೋಗಿ ಕೈಕಾಲು ತೊಳೆದಳು. ಒಲೆಯ ಪಕ್ಕ ಅವ್ವ ಪಾತ್ರೆಯ ಮುಚ್ಚಳ ತೆಗೆದು ನೋಡಿ, ಮುಚ್ಚಿ, ಮತ್ತೆ ತೆಗೆದು ನೋಡುತ್ತಿದ್ದಳು. ಬೆಳಗಿನಿಂದ ಅದೇ ಕೆಲಸವಿರಬೇಕು. ಮನಿಷಾಳ ಕಣ್ಣು, ಅವಳು ಹೇಳದಿದ್ದರೂ, ಗೂಡಿನಲ್ಲಿದ್ದ ಸಕ್ಕರೆಯ ಡಬ್ಬಿಯ ಮೇಲೆ ಹೋಗಿ ನಿಂತಿತು. ಅವ್ವ ಆ ಕಣ್ಣನ್ನು ನೋಡಿದಳು. ಡಬ್ಬಿಯನ್ನು ನೋಡಿದಳು. ಎದ್ದು ಹೋಗಿ ಅದನ್ನು ಎತ್ತಿ ಮೇಲಿನ ಹಲಗೆಯ ಹಿಂಬದಿಗೆ ಸರಿಸಿದಳು.

'ನೀನಾ?'

ಮನಿಷಾ ತಲೆಯಾಡಿಸಿದಳು.

'ಬಂದ ಮಂದಿ ಎಲ್ಲಾ ನನ್ನ ಕೈ ನೋಡಾಕತ್ತೈತಿ ಮನಿಷಾ. ನಾ ಮುಟ್ಟಿದ ಕೊಡಾ ತಿರುಗಿ ತೊಳದ ತುಂಬತಾರ. ನನ್ನ ಮುಂದನ.' ಅವ್ವನ ದನಿ ಏರಲಿಲ್ಲ. ಏರಿದ್ದರೆ ಹೊರಗೆ ಕೇಳುತ್ತಿತ್ತು. ಆಮೇಲೆ ಅವ್ವ ಹಗ್ಗದ ಮೇಲಿನ ಬಿಳಿ ಅರಿವೆಯನ್ನು ಜಾಡಿಸಿ, ಬೆಳಕಿಗೆ ಹಿಡಿದು ನೋಡಿ, ಅವಳ ಕೈಗಿಟ್ಟಳು. 'ತಗೋ. ನೀನ ಸೋಸು. ಹೊತ್ತ ಐತಿ ಇನ್ನೂ.'

ಅರಿವೆಯ ಮೂಲಕ ನೀರು ಸಣ್ಣಗೆ ಇಳಿಯಿತು. ಅದಕ್ಕೆ ಬಣ್ಣವಿರಲಿಲ್ಲ, ವಾಸನೆ ಇರಲಿಲ್ಲ. ಬೆರಳ ತುದಿಗೆ ತಾಗಿಸಿ ನೋಡಬೇಕೆನ್ನಿಸಿತು, ನೋಡಲಿಲ್ಲ.

ಆಯಿ ಹೆಜ್ಜೆಯ ಸದ್ದಿಗೇ ಕಣ್ಣು ತೆರೆದಳು. ತುಟಿ ಅವಳು ಹೆದರಿದ್ದ ಹಾಗೆಯೇ ಇತ್ತು. ಅಪ್ಪ ಬಂದು ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿದ. ಹೆಂಗಸರ ಮಂತ್ರ ಸಣ್ಣದಾಯಿತು. ಮನಿಷಾ ಲೋಟವನ್ನು ಪಕ್ಕಕ್ಕಿಟ್ಟು, ಎಲ್ಲರಿಗೂ ಕೇಳುವ ಹಾಗೆ, ತರಗತಿಯಲ್ಲಿ ಹಿಂದಿನ ಸಾಲಿಗೂ ಮುಟ್ಟಿಸುವ ದನಿಯಲ್ಲಿ ಹೇಳಿದಳು: 'ಮೊನ್ನೆ ನೀರಾಗ ಇರುವಿ ಬಿದ್ದಿರ್ಲಿಲ್ಲ ಆಯಿ. ಅವ್ವ ಛಲೋ ಸೋಸಿದ್ಲು. ನಾ ಉಪ್ಪು ಸಕ್ರಿ ಹಾಕಿದ್ದೆ.'

ಮಂತ್ರ ನಿಂತೇಹೋಯಿತು. ಅಪ್ಪ ಅಡುಗೆಮನೆಯ ಬಾಗಿಲ ಕಡೆ ನೋಡಿದ, ಅಲ್ಲಿ ನಿಂತಿದ್ದ ಹೆಂಡತಿಯ ಕಡೆ, ನೋಡಿ ತಲೆ ತಗ್ಗಿಸಿದ. ಆಯಿ ನಾಲಿಗೆಯಿಂದ ತುಟಿ ಸವರಲು ನೋಡಿದಳು. ನಾಲಿಗೆಯೂ ಒಣಗಿತ್ತು. ಅವಳ ಮಾತು ಕೇಳಲು ಎಲ್ಲರೂ ಬಾಗಬೇಕಾಯಿತು.

'ಉಪ್ಪ ಭಾಳ ಆಗಿತ್ತು.' ಉಸಿರು ತಗೊಂಡಳು. 'ಹುಡುಗ್ರಿಗೆ ಹಂಗ ಕಲಿಸಬ್ಯಾಡ. ಕಾರಕೋತಾವು.'

ಹೆಂಗಸರಲ್ಲಿ ಯಾರೋ ನಕ್ಕರು, ನಗುತ್ತಲೇ ಮೂಗು ಸೇದಿದರು. ಮನಿಷಾಳಿಗೆ ಆಯಿಯ ಮುಖ ಮಸುಕಾಯಿತು.

'ಇವತ್ತೇನ ಕಲಿಸಿದಿ?'

'ತಟ್ಟಿ ಮಾಡಿಸಿದೆ ಆಯಿ.'

'ಏನೇನ ಇಟ್ರು?'

'ರೊಟ್ಟಿ ಇಟ್ರು. ಮಡಿಕಿ ಕಾಳ, ಹೆಸರಕಾಳ. ರಾಜಗಿರಿ. ಪ್ಯಾರಲ. ಶೇಂಗಾ, ಬೆಲ್ಲಾ.' ಅವಳು ಹೇಳುತ್ತ ಹೋದಂತೆ ಆಯಿ ಕಣ್ಣು ಮುಚ್ಚಿಕೊಂಡಳು. ಒಂದೊಂದು ಹೆಸರಿಗೂ ಅವಳ ತುಟಿ ಅಷ್ಟಷ್ಟೇ ಅಲುಗಿತು, ಒಬ್ಬೊಬ್ಬರನ್ನೇ ಬಾಗಿಲವರೆಗೆ ಕಳಿಸಿ ಬರುವವಳ ಹಾಗೆ. ಹೆಸರುಗಳು ಮುಗಿದವು. ಹೊಸದನ್ನು ಹುಟ್ಟಿಸಿ ಹೇಳೋಣವೆನ್ನಿಸಿತು, ಸಂಜೆಯವರೆಗೆ ಹೇಳೋಣ, ಇದ್ದಬದ್ದ ಕಾಯಿಪಲ್ಯೆಯನ್ನೆಲ್ಲ ಹೇಳೋಣ. ಆಯಿ ಕಣ್ಣು ತೆರೆದು ಅವಳಿಗಾಗಿ ಕಾದಳು.

'ನನ್ನಿಂದ ಏನರ ತಪ್ಪಾಗಿದ್ರ ಕ್ಷಮಾ ಮಾಡ ಮನಿ.'

ಬಂದವರೆಲ್ಲರಿಗೂ ಆಯಿ ಈ ಮಾತು ಹೇಳಿದ್ದಳು, ಎಮ್ಮೆಯ ಕೊರಳು ಹಿಡಿದೂ ಹೇಳಿದ್ದಳು. ತನಗೆ ಹೇಳುವ ಸರದಿ ಬರುವುದೆಂದು ಮನಿಷಾ ಎಣಿಸಿರಲಿಲ್ಲ. 'ಹೂಂ' ಎಂದು ಮಾತ್ರ ಬಂತು.

ಮುನಿಗಳು ಆಹಾರ ತಗೊಳ್ಳುವ ಹಾಗೆ ಆಯಿ ಎರಡೂ ಕೈ ಜೋಡಿಸಿ ಬೊಗಸೆ ಮಾಡಿದಳು. ಬೊಗಸೆ ನಿಲ್ಲಲಿಲ್ಲ, ಬೆರಳುಗಳ ನಡುವೆ ಸಂದು ಬಿಟ್ಟಿತು. ಮನಿಷಾ ಅದರ ಕೆಳಗೆ ತನ್ನ ಎಡಗೈಯನ್ನು ಇಟ್ಟು ಸಂದು ಮುಚ್ಚಿದಳು. ಬಲಗೈಯಿಂದ ಲೋಟ ಬಾಗಿಸಿದಳು. ಬಾಗಿಲಲ್ಲಿ ಇನ್ನೂ ಬಿಸಿಲಿತ್ತು. ಆಯಿ ತಲೆ ಬಗ್ಗಿಸಿ ಕುಡಿದಳು. ಗಂಟಲಿನ ಸಡಿಲ ಚರ್ಮದ ಕೆಳಗೆ ನೀರು ಇಳಿಯುವುದು ಕಾಣುತ್ತಿತ್ತು. ಮತ್ತೆ ಹಾಕಿದಳು. ಮತ್ತೆ ಕುಡಿದಳು. ಸ್ವಲ್ಪ ನೀರು ಮುಂಗೈಗುಂಟ ಹರಿದು ಮನಿಷಾಳ ಮೊಣಕೈಗೆ ಬಂತು, ಬೆಚ್ಚಗೆ. ಅವಸರ ಮಾಡದೆ, ನಿಲ್ಲಿಸದೆ, ಒಂದು ಹನಿಯನ್ನೂ ಉಳಿಸಿಕೊಳ್ಳದೆ ಅವಳು ಹಾಕುತ್ತ ಹೋದಳು. ಲೋಟ ಬರಿದಾಯಿತು. ಆಯಿ ಒದ್ದೆ ಕೈಗಳನ್ನು ಬಿಡಿಸಿ, ಚಾಪೆಯ ಮೇಲೆ ಬೋರಲು ಇಟ್ಟು, 'ಆತು' ಅಂದಳು.